ಅಮೆರಿಕೆಯ ಮನೆಯಂಗಳದ ಗಾಳಿಬೊಂಬೆಗಳೂ ಅವನ್ನು ಕುರಿತ ಸ್ಥಳೀಯ ನಿಬಂಧನೆಗಳೂ

ಅಮೆರಿಕಾ ಸಂಯುಕ್ತ ಸಂಸ್ಥಾನದ ಯಾವುದಾದರೊಂದು ಉಪನಗರದಲ್ಲಿ ಡಿಸೆಂಬರ್ ತಿಂಗಳ ಸಂಜೆ ನಡೆದುಹೋಗುವವನಿಗೆ, ಮನೆಗಳ ಮುಂದಣ ಹುಲ್ಲುಹಾಸಿನ ಮೇಲೆ ಆಳೆತ್ತರವನ್ನು ಮೀರಿದ ಬಟ್ಟೆಯ ಬೊಂಬೆಗಳು ಒಳಗಿನಿಂದ ಬೆಳಗುತ್ತ ನಿಂತಿರುವ ನೋಟ ಕಾಣಬರುತ್ತದೆ. ಕೆಂಪು ನಿಲುವಂಗಿಯ ಸಾಂಟಾ ಕ್ಲಾಸ್, ಹಿಮದ ಮನುಷ್ಯ, ಹಿಮಸಾರಂಗ ಇವು ಕ್ರಿಸ್‌ಮಸ್ ಹಬ್ಬಕ್ಕೆ ಸೇರಿದವು. ಅದಕ್ಕೆ ಮುನ್ನ ಅಕ್ಟೋಬರ್ ಕೊನೆಯ ಹ್ಯಾಲೊವೀನ್‌ಗೆ ಪ್ರೇತಗಳೂ ಕುಂಬಳಕಾಯಿಯ ಮುಖಗಳೂ, ನವೆಂಬರಿನ ಥ್ಯಾಂಕ್ಸ್‌ಗಿವಿಂಗ್‌ಗೆ ಟರ್ಕಿ ಕೋಳಿಯೂ ಅದೇ ಅಂಗಳದಲ್ಲಿ ಎದ್ದು ನಿಂತು ಹೋಗಿರುತ್ತವೆ. ಮರುದಿನ ಬೆಳಿಗ್ಗೆ ಅದೇ ಬೀದಿಯಲ್ಲಿ ಹಾದುಹೋದರೆ, ವಿದ್ಯುತ್ತನ್ನು ನಿಲ್ಲಿಸಿರುವ ಕಾರಣ, ಅವೆಲ್ಲವೂ ನೆಲ ಕಚ್ಚಿ ಒದ್ದೆಬಟ್ಟೆಯ ಮುದ್ದೆಗಳಂತೆ ಬಿದ್ದಿರುತ್ತವೆ. ನೆರೆಹೊರೆಯವರ ದೂರುಗಳಲ್ಲಿ ರಾತ್ರಿಯ ಬೊಂಬೆಗೆ ಎಷ್ಟು ಪಾಲಿದೆಯೋ ಹಗಲಿನ ಈ ಮುದ್ದೆಗೂ ಅಷ್ಟೇ ಪಾಲಿದೆಯೆನ್ನಬಹುದು.

ಇಂತಹ ಬೊಂಬೆಯನ್ನು ತನ್ನ ಅಂಗಳದಲ್ಲಿ ನಿಲ್ಲಿಸಲು ಮನೆಯವನಿಗೆ ಅಧಿಕಾರವುಂಟೆ? ಎಷ್ಟು ಎತ್ತರಕ್ಕೆ, ಎಷ್ಟು ದಿನದವರೆಗೆ? ಬೇಡವೆನ್ನುವ ಅಧಿಕಾರ ಯಾರದು? ಪ್ರಶ್ನೆ ಅಲ್ಪವೆಂದು ತೋರುತ್ತದೆ. ಇತಿಹಾಸದ ವಿಭಾಗದವರು ಇದನ್ನೇಕೆ ಎತ್ತಿಕೊಳ್ಳಬೇಕೆಂದು ಕೇಳುವವರೂ ಇರಬಹುದು. ಆದರೆ ಉತ್ತರವನ್ನು ಹುಡುಕಹೊರಟವನು ಒಂದು ವಿಚಿತ್ರ ಸಂಗತಿಯನ್ನು ಎದುರಿಸಬೇಕಾಗುತ್ತದೆ. ಗಾಳಿಬೊಂಬೆಗಾಗಿಯೇ ರಚಿತವಾದ ಕಾನೂನು ಆ ದೇಶದಲ್ಲಿ ಬಹು ವಿರಳ. ಅದನ್ನು ಆಳುತ್ತಿರುವ ನಿಯಮಗಳೆಲ್ಲವೂ ಬೇರೆ ಕಾಲದಲ್ಲಿ, ಬೇರೆ ಜಗಳಗಳಲ್ಲಿ ಹುಟ್ಟಿದವು: ಬಟ್ಟೆ ಒಣಹಾಕುವ ಹಗ್ಗ, ಯುದ್ಧವಿರೋಧದ ಕಾಗದದ ಹಾಳೆ, ಕಾರ್ಮಿಕ ಸಂಘದವರ ಹೆಗ್ಗಣ ಇವೇ ಅವುಗಳ ಮೂಲ. ಈ ಜಗಳಗಳ ಫಲವಾಗಿ ಪೌರಸಭೆಗಳು ಅಭಿರುಚಿಯ ವಿಷಯದಲ್ಲಿ ತೀರ್ಪು ಕೊಡುವ ಅಧಿಕಾರವನ್ನು ಬಹುಮಟ್ಟಿಗೆ ಕಳೆದುಕೊಂಡವು. ಅದೇ ಅಧಿಕಾರವು ಮನೆಮಾಲೀಕರ ಖಾಸಗಿ ಸಂಘಗಳ ಕೈಯಲ್ಲಿ ಉಳಿಯಿತು. ಪ್ರಕೃತ ಲೇಖನದಲ್ಲಿ ಈ ಎರಡು ದಾರಿಗಳನ್ನು ವಿವರಿಸಲು ಯತ್ನಿಸಿದೆ.

ಮೊದಲು ವಸ್ತುವಿನ ಪರಿಚಯ. ನೈಲಾನ್ ಅಥವಾ ಪಾಲಿಯೆಸ್ಟರ್ ಬಟ್ಟೆಯನ್ನು ಬೊಂಬೆಯ ಆಕಾರಕ್ಕೆ ಹೊಲಿದು, ಅದರ ಬುಡದಲ್ಲಿ ಗಾಳಿಯೂದುವ ಸಣ್ಣ ವಿದ್ಯುತ್ ಪಂಖವೊಂದನ್ನು ಕೂಡಿಸಿರುತ್ತಾರೆ. ಹೊಲಿಗೆಯ ಸಂದುಗಳಿಂದ ಗಾಳಿ ಎಡೆಬಿಡದೆ ಸೋರಿಹೋಗುವುದರಿಂದ ಪಂಖವೂ ಎಡೆಬಿಡದೆ ತಿರುಗುತ್ತಿರಬೇಕು. ಆದಕಾರಣ ಇದು ಬಾಯಿ ಕಟ್ಟಿದ ಬೆಲೂನಲ್ಲ. ಸದಾ ಉಸಿರಾಡುವ ಚೀಲ. ಗೂಟಗಳೂ ಹಗ್ಗಗಳೂ ಅದನ್ನು ನೆಲಕ್ಕೆ ಬಿಗಿದಿರುತ್ತವೆ. ಟೆಕ್ಸಾಸ್ ಪ್ರಾಂತದ ಜೆಮ್ಮಿ ಎಂಬ ಉದ್ಯಮಸಂಸ್ಥೆ ೨೦೦೧ರ ಸುಮಾರಿಗೆ ಇಂತಹ ಬೊಂಬೆಗಳನ್ನು ಮನೆಬಳಕೆಗೆಂದು ಮಾರಾಟಕ್ಕೆ ತಂದಮೇಲೆ ಅವು ದೇಶದಾದ್ಯಂತ ಹರಡಿದವು. ಗಾಳಿ ತುಂಬಿದ ದೈತ್ಯಾಕೃತಿಗಳ ಹವ್ಯಾಸ ಮಾತ್ರ ಇನ್ನೂ ಹಳೆಯದು. ನ್ಯೂಯಾರ್ಕಿನ ಮೇಸಿ ಅಂಗಡಿಯವರು ೧೯೨೪ರಲ್ಲಿ ಆರಂಭಿಸಿದ ಥ್ಯಾಂಕ್ಸ್‌ಗಿವಿಂಗ್ ಮೆರವಣಿಗೆಯಲ್ಲಿ, ಸೂತ್ರದ ಬೊಂಬೆಯಾಟದಲ್ಲಿ ನಿಪುಣನಾಗಿದ್ದ ಟೋನಿ ಸಾರ್ಗ್ ಎಂಬಾತನು ರಚಿಸಿದ ಬೆಲೂನುಗಳು ೧೯೨೭ರಲ್ಲಿ ಮೊದಲು ಕಾಣಿಸಿಕೊಂಡವು. ೧೯೯೭ರಲ್ಲಿ ಬಿರುಗಾಳಿಗೆ ಸಿಕ್ಕಿದ ಒಂದು ಬೆಲೂನು ದೀಪದ ಕಂಬಕ್ಕೆ ಬಡಿದು ಪ್ರೇಕ್ಷಕರು ಗಾಯಗೊಂಡರು. ಮರುವರ್ಷ ನಗರವು ಬೆಲೂನುಗಳ ಗಾತ್ರಕ್ಕೆ ಮಿತಿಯನ್ನು ಹೇರಿ, ಗಾಳಿಯ ವೇಗ ಗಂಟೆಗೆ ೨೩ ಮೈಲಿಯನ್ನು ಮೀರಿದರೆ ಅವನ್ನು ಹಾರಿಸಕೂಡದೆಂದು ಗೊತ್ತುಮಾಡಿತು. ಗಾಳಿ ತುಂಬಿದ ವಸ್ತುವಿಗೆಂದೇ ಬರೆದ ಅಪರೂಪದ ನಿಯಮಗಳಲ್ಲಿ ಇದೊಂದು; ಅದೂ ಬೀದಿಗೆ ಸಂಬಂಧಿಸಿದ್ದು, ಅಂಗಳಕ್ಕಲ್ಲ.

ಇನ್ನು ಅಂಗಳದ ಮಾತು. ನಮ್ಮಲ್ಲಿ ಮನೆಯ ಮುಂದಣ ಜಗಲಿಯೂ ಬಾಗಿಲ ಮುಂದಿನ ರಂಗವಲ್ಲಿಯೂ ಬೀದಿಗೆ ತಗುಲಿಕೊಂಡೇ ಇರುತ್ತವೆ. ಅಮೆರಿಕೆಯ ಉಪನಗರದಲ್ಲಾದರೋ ಮನೆಗೂ ರಸ್ತೆಗೂ ನಡುವೆ ತೆರೆದ ಹುಲ್ಲುಹಾಸಿರುವುದು ವಾಡಿಕೆ. ಇದು ತಾನಾಗಿ ಬೆಳೆದ ಪದ್ಧತಿಯಲ್ಲ. ಫ್ರೆಡರಿಕ್ ಲಾ ಓಮ್‌ಸ್ಟೆಡ್ ಎಂಬ ಪ್ರಸಿದ್ಧ ಉದ್ಯಾನಶಿಲ್ಪಿಯು ೧೮೬೯ರಲ್ಲಿ ಶಿಕಾಗೋ ಬಳಿಯ ರಿವರ್‌ಸೈಡ್ ಎಂಬ ಊರನ್ನು ಯೋಜಿಸಿದಾಗ, ಮನೆಗಳು ರಸ್ತೆಯಿಂದ ೩೦ ಅಡಿ ಹಿಂದೆ ಸರಿದು ನಿಲ್ಲಬೇಕೆಂದು ವಿಧಿಸಿದನು. ಮರುವರ್ಷ ಫ್ರ್ಯಾಂಕ್ ಸ್ಕಾಟ್ ಎಂಬ ಲೇಖಕನು ಉಪನಗರದ ತೋಟಗಳನ್ನು ಕುರಿತ ತನ್ನ ಗ್ರಂಥದಲ್ಲಿ, ಬೇಲಿಯನ್ನೆಬ್ಬಿಸಿ ತನ್ನ ಅಂಗಳದ ಸೊಬಗನ್ನು ನೆರೆಯವರಿಂದ ಮರೆಮಾಡುವುದು ನೆರೆಹೊರೆಗೆ ಸಲ್ಲದ ನಡತೆಯೆಂದು ವಾದಿಸಿದನು. ಎರಡನೆಯ ಮಹಾಯುದ್ಧದ ತರುವಾಯ, ೧೯೪೭ರಿಂದ ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿ ಸಾವಿರಗಟ್ಟಲೆ ಮನೆಗಳೊಡನೆ ಎದ್ದ ಲೆವಿಟ್‌ಟೌನ್‌ನಲ್ಲಿ ಬೇಲಿ ಕೂಡದೆಂಬುದೂ ಹುಲ್ಲನ್ನು ಕಾಲಕಾಲಕ್ಕೆ ಕತ್ತರಿಸಬೇಕೆಂಬುದೂ ಬರಹದ ಷರತ್ತುಗಳಾದವು. ಹೀಗೆ ಮುಂಭಾಗದ ಅಂಗಳವು ಒಡೆತನದಲ್ಲಿ ಖಾಸಗಿಯಾಗಿದ್ದೂ ನೋಟದಲ್ಲಿ ಸಾರ್ವಜನಿಕವಾಯಿತು. ಮುಂದಿನ ಕಲಹಗಳೆಲ್ಲ ಈ ದ್ವಂದ್ವದಿಂದ ಹುಟ್ಟಿದವೆಂದರೆ ತಪ್ಪಾಗಲಾರದು.

ಭೂಮಿಯ ಉಪಯೋಗವನ್ನು ಪೌರಸಭೆಯು ನಿಯಂತ್ರಿಸಬಹುದೆಂಬ ತತ್ತ್ವ ಸ್ಥಿರವಾದುದು ೧೯೨೬ರಲ್ಲಿ. ಒಹಾಯೊ ಪ್ರಾಂತದ ಕ್ಲೀವ್‌ಲ್ಯಾಂಡ್ ಪಕ್ಕದ ಯೂಕ್ಲಿಡ್ ಎಂಬ ಗ್ರಾಮವು ೧೯೨೨ರಲ್ಲಿ ತನ್ನ ನೆಲವನ್ನು ವಸತಿ, ವ್ಯಾಪಾರ, ಕೈಗಾರಿಕೆ ಮುಂತಾದ ವಲಯಗಳಾಗಿ ವಿಂಗಡಿಸಿದ್ದಿತು. ಆ ವಿಂಗಡಣೆಯನ್ನು ಸಂಯುಕ್ತ ಸಂಸ್ಥಾನದ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಿತು. ತೀರ್ಪನ್ನು ಬರೆದ ನ್ಯಾಯಮೂರ್ತಿ ಸದರ್‌ಲೆಂಡ್‌ರವರು, ಕೊಟ್ಟಿಗೆಯಲ್ಲಿರಬೇಕಾದ ಹಂದಿ ನಡುಮನೆಗೆ ಬಂದರೆ ಹೇಗೋ ಹಾಗೆ, ತಕ್ಕ ವಸ್ತುವೂ ತಕ್ಕದಲ್ಲದ ಸ್ಥಳದಲ್ಲಿ ಉಪದ್ರವವಾಗಬಹುದೆಂಬ ಅರ್ಥದ ಮಾತನ್ನಾಡಿದರು. ಉಪಮೆ ಗ್ರಾಮ್ಯವಾದರೂ ಅದರ ಪ್ರಭಾವ ದೊಡ್ಡದು. ರಸ್ತೆಯಿಂದ ಬಿಡಬೇಕಾದ ತೆರಪು, ಕಟ್ಟಡದ ಎತ್ತರ, ಅಂಗಳದಲ್ಲಿ ಇಡಬಹುದಾದ ವಸ್ತುಗಳು ಇವೆಲ್ಲವನ್ನೂ ಊರೂರಿನ ಸಭೆಗಳು ತಮ್ಮ ತಮ್ಮ ನಿಬಂಧನೆಗಳಲ್ಲಿ ಬರೆದುಕೊಳ್ಳತೊಡಗಿದವು.

ಆದರೆ ಅಂದಚೆಂದವೊಂದನ್ನೇ ಕಾರಣವಾಗಿಟ್ಟುಕೊಂಡು ನಿಷೇಧ ವಿಧಿಸಬಹುದೆ? ಆರೋಗ್ಯ, ಬೆಂಕಿಯ ಭಯ, ರಸ್ತೆಯ ಸುರಕ್ಷತೆ ಇವು ಕಾರಣಗಳಾದರೆ ಒಪ್ಪಬಹುದು. ನೋಡಲು ಚೆನ್ನಾಗಿಲ್ಲವೆಂಬುದು ಕಾನೂನಿನ ಕಾರಣವೆ? ೧೯೫೪ರಲ್ಲಿ ವಾಷಿಂಗ್‌ಟನ್ ನಗರದ ಕೊಳಚೆ ಪ್ರದೇಶವನ್ನು ಕುರಿತ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಊರು ಆರೋಗ್ಯಕರವಾಗಿರುವಂತೆಯೇ ಸುಂದರವಾಗಿಯೂ ಇರಬೇಕೆಂದು ಜನಪ್ರತಿನಿಧಿಗಳು ನಿರ್ಧರಿಸಬಹುದೆಂಬ ಅಭಿಪ್ರಾಯವನ್ನು ಕೊಟ್ಟಿತು. ಈ ಅಭಿಪ್ರಾಯ ಮನೆಯಂಗಳದವರೆಗೆ ಬಂದ ಬಗೆ ಬಹು ಸ್ವಾರಸ್ಯವಾದುದು.

ನ್ಯೂಯಾರ್ಕ್ ಪ್ರಾಂತದ ರೈ ಎಂಬ ಊರಿನಲ್ಲಿ ಒಂದು ಕುಟುಂಬ, ತೆರಿಗೆಯ ಭಾರವನ್ನು ಪ್ರತಿಭಟಿಸುವುದಕ್ಕಾಗಿ ೧೯೫೬ರಲ್ಲಿ ಮನೆಯ ಮುಂದೆ ಹಗ್ಗ ಕಟ್ಟಿ ಹಳೆಯ ಬಟ್ಟೆಗಳನ್ನೂ ಚಿಂದಿಗಳನ್ನೂ ತೂಗುಹಾಕಿತು. ತೆರಿಗೆ ಇಳಿಯಲಿಲ್ಲ, ವರ್ಷವರ್ಷವೂ ಹಗ್ಗಗಳ ಸಂಖ್ಯೆ ಏರುತ್ತ ಬಂದಿತು. ೧೯೬೧ರಲ್ಲಿ ನಗರಸಭೆಯು ರಸ್ತೆಗೆ ಎದುರಾದ ಅಂಗಳದಲ್ಲಿ ಬಟ್ಟೆಯ ಹಗ್ಗ ಕಟ್ಟಕೂಡದೆಂಬ ನಿಬಂಧನೆಯನ್ನು ಮಾಡಿತು. ೧೯೬೩ರಲ್ಲಿ ಆ ಪ್ರಾಂತದ ಅತ್ಯುಚ್ಚ ಮೇಲ್ಮನವಿ ನ್ಯಾಯಾಲಯವು ನಗರದ ಪಕ್ಷವನ್ನು ಎತ್ತಿಹಿಡಿದು, ಸೌಂದರ್ಯವನ್ನು ಕಾಪಾಡುವುದು ನ್ಯಾಯಸಮ್ಮತವಾದ ಉದ್ದೇಶವೆಂದೂ, ಪ್ರತಿಭಟನೆಯ ಹಕ್ಕು ಇದ್ದರೂ ಅದಕ್ಕೆ ಆರಿಸಿಕೊಂಡ ವಿಧಾನವನ್ನು ನಿಷೇಧಿಸಬಹುದೆಂದೂ ತೀರ್ಮಾನಿಸಿತು. ಒಬ್ಬ ನ್ಯಾಯಾಧೀಶರು ಭಿನ್ನಮತವನ್ನು ಬರೆದರು. ಹಗ್ಗದ ಬದಲು ಗಾಳಿಬೊಂಬೆಯನ್ನು ನಿಲ್ಲಿಸಿ ನೋಡಿದರೆ ಇಂದಿನ ಪ್ರಶ್ನೆಯೇ ಅಲ್ಲಿ ಕಾಣುತ್ತದೆ: ಅಂಗಳದಲ್ಲಿ ಒಬ್ಬನು ನಿಲ್ಲಿಸಿದ್ದು ವಸ್ತುವೋ, ಮಾತೋ?

ವಸ್ತುವೆಂದು ಎಣಿಸಿದ ಕಾಲ ೧೯೬೩. ಮುಂದೆ ಮಾತೆಂದು ಎಣಿಸುವ ಕಾಲ ಬಂದಿತು. ಮಿಸೂರಿ ಪ್ರಾಂತದ ಸೇಂಟ್ ಲೂಯಿಸ್ ನಗರದ ಸಿರಿವಂತ ಉಪನಗರ ಲಾಡ್ಯೂ. ಅಲ್ಲಿ ಮನೆಗಳ ಮುಂದೆ ಫಲಕಗಳನ್ನಿಡುವುದಕ್ಕೆ, ಮನೆ ಮಾರಾಟದ ಸೂಚನೆ ಮೊದಲಾದ ಕೆಲವು ವಿನಾಯಿತಿಗಳನ್ನು ಬಿಟ್ಟು, ನಿಷೇಧವಿದ್ದಿತು. ೧೯೯೦ರ ಡಿಸೆಂಬರಿನಲ್ಲಿ ಒಬ್ಬ ಮಹಿಳೆಯು ಪರ್ಷಿಯನ್ ಕೊಲ್ಲಿಯ ಯುದ್ಧವನ್ನು ವಿರೋಧಿಸುವ ಫಲಕವನ್ನು ಅಂಗಳದಲ್ಲಿ ನಿಲ್ಲಿಸಿದರು. ಅದು ಕಾಣೆಯಾಯಿತು. ಮತ್ತೊಂದನ್ನು ನಿಲ್ಲಿಸಿದರೆ ಯಾರೋ ಅದನ್ನು ಕೆಡವಿದರು. ದೂರು ಕೊಡಲು ಹೋದಾಗ, ಫಲಕವನ್ನಿಡುವುದೇ ಅಪರಾಧವೆಂದು ಪೋಲೀಸರು ತಿಳಿಸಿದರು. ಆಮೇಲೆ ಆಕೆ ಮಹಡಿಯ ಕಿಟಕಿಯಲ್ಲಿ ಎಂಟೂವರೆ ಅಂಗುಲ ಅಗಲ ಹನ್ನೊಂದು ಅಂಗುಲ ಉದ್ದದ ಕಾಗದವೊಂದನ್ನು ಅಂಟಿಸಿದರು. ಮೊಕದ್ದಮೆ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, ೧೯೯೪ರಲ್ಲಿ ನ್ಯಾಯಮೂರ್ತಿ ಸ್ಟೀವನ್ಸ್‌ರವರು ಬರೆದ ಸರ್ವಾನುಮತದ ತೀರ್ಪಿನಲ್ಲಿ ನಿಷೇಧ ರದ್ದಾಯಿತು. ಸ್ವಂತ ಮನೆಯ ಮುಂದಣ ಫಲಕ ಅಗ್ಗವಾದದ್ದು, ಹೇಳುವವರು ಯಾರೆಂಬುದನ್ನು ತಾನೇ ತೋರಿಸತಕ್ಕದ್ದು, ಅದಕ್ಕೆ ಸರಿಸಾಟಿಯಾದ ಬೇರೊಂದು ಸಾಧನವಿಲ್ಲ ಎಂಬುದು ಅದರ ಸಾರ.

ಲಾಡ್ಯೂ ತೀರ್ಪು ಪೂರ್ಣನಿಷೇಧವನ್ನು ಕೆಡವಿತು. ವಿಂಗಡಿಸಿ ನಿಯಂತ್ರಿಸುವ ಪದ್ಧತಿಯನ್ನು ಕೆಡವಿದ್ದು ೨೦೧೫ರ ಗಿಲ್ಬರ್ಟ್ ತೀರ್ಪು. ಆರಿಜೋನಾ ಪ್ರಾಂತದ ಈ ಪಟ್ಟಣದಲ್ಲಿ ತತ್ತ್ವಪ್ರತಿಪಾದನೆಯ ಫಲಕ ೨೦ ಚದರಡಿಯವರೆಗೂ ಇರಬಹುದಾಗಿದ್ದರೆ, ಸಭೆಗೋ ಪ್ರಾರ್ಥನೆಗೋ ದಾರಿ ತೋರಿಸುವ ಫಲಕ ೬ ಚದರಡಿಯನ್ನು ಮೀರಕೂಡದಾಗಿದ್ದಿತು; ಅದನ್ನು ಕಾರ್ಯಕ್ರಮಕ್ಕೆ ೧೨ ಗಂಟೆ ಮುಂಚೆ ಇಟ್ಟು, ಮುಗಿದ ೧ ಗಂಟೆಯೊಳಗೆ ತೆಗೆಯಬೇಕಾಗಿದ್ದಿತು. ಸ್ವಂತ ಕಟ್ಟಡವಿಲ್ಲದ ಸಣ್ಣ ಚರ್ಚೊಂದು ದಾವೆ ಹೂಡಿ ಗೆದ್ದಿತು. ಫಲಕದಲ್ಲಿ ಏನು ಬರೆದಿದೆಯೆಂದು ಓದಿ ನೋಡಿದ ಮೇಲೆಯೇ ಯಾವ ನಿಯಮ ಅನ್ವಯಿಸುವುದೆಂದು ತಿಳಿಯುವುದಾದರೆ, ಅಂತಹ ನಿಯಮವನ್ನು ಸಂವಿಧಾನದ ಪ್ರಥಮ ತಿದ್ದುಪಡಿಯ ಅತ್ಯಂತ ಕಠಿಣವಾದ ಒರೆಗೆ ಹಚ್ಚಬೇಕೆಂದು ನ್ಯಾಯಮೂರ್ತಿ ಥಾಮಸ್‌ರವರು ಬರೆದರು. ಫಲಿತಾಂಶವನ್ನು ಒಪ್ಪಿದ ನ್ಯಾಯಮೂರ್ತಿ ಕೇಗನ್‌ರವರು, ಈ ತರ್ಕದಿಂದ ಅಸಂಖ್ಯಾತ ಊರುಗಳ ನಿರುಪದ್ರವಿಯಾದ ನಿಬಂಧನೆಗಳಿಗೂ ಸಂಚಕಾರ ಬರುವುದೆಂದು ಎಚ್ಚರಿಸಿದರು. ೨೦೨೨ರಲ್ಲಿ ಆಸ್ಟಿನ್ ನಗರದ ಜಾಹೀರಾತು ಫಲಕಗಳ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವೇ ಈ ತರ್ಕದ ಅಂಚನ್ನು ಕೊಂಚ ಮೊಂಡುಮಾಡಿತು.

ಹಬ್ಬದ ಅಲಂಕಾರಕ್ಕೆ ಇದರ ಪರಿಣಾಮವೇನು? ಅನೇಕ ಊರುಗಳ ನಿಬಂಧನೆಯಲ್ಲಿ ಹಬ್ಬದ ಅಲಂಕಾರಗಳಿಗೆ ಫಲಕದ ನಿಯಮಗಳಿಂದ ವಿನಾಯಿತಿಯುಂಟು. ಕೃಪೆಯಿಂದ ಕೊಟ್ಟ ಈ ವಿನಾಯಿತಿಯೇ ಈಗ ತೊಡಕಾಯಿತು. ಯಾವುದು ಹಬ್ಬ, ಯಾವುದು ಅಲ್ಲ ಎಂದು ಅಧಿಕಾರಿ ನಿರ್ಣಯಿಸಬೇಕಾದರೆ ಅವನು ಬೊಂಬೆಯ ಅರ್ಥವನ್ನು ಓದಿದಂತಾಗುತ್ತದೆ. ಟೆನ್ನೆಸಿ ಪ್ರಾಂತದ ಜರ್ಮನ್‌ಟೌನ್ ಪಟ್ಟಣದ ನಿಬಂಧನೆಯಂತೆ ಹಬ್ಬದ ಅಲಂಕಾರವನ್ನು ಹಬ್ಬಕ್ಕೆ ೪೫ ದಿನ ಮುಂಚೆ ಇಡಬಹುದಾಗಿತ್ತು, ಹಬ್ಬ ಕಳೆದ ೩೦ ದಿನದೊಳಗೆ ತೆಗೆಯಬೇಕಾಗಿತ್ತು. ಅಲ್ಲಿಯ ನಿವಾಸಿಯೊಬ್ಬರು ಹ್ಯಾಲೊವೀನ್‌ನ ಎತ್ತರದ ಕೃತಕ ಅಸ್ಥಿಪಂಜರವನ್ನು ತೆಗೆಯದೆ, ಬರಬರುವ ಹಬ್ಬಗಳಿಗೆ ತಕ್ಕ ವೇಷವನ್ನು ಅದಕ್ಕೆ ತೊಡಿಸುತ್ತ ಹೋದರು. ಕ್ರಿಸ್‌ಮಸ್ ಉಡುಪು ತೊಟ್ಟ ಅಸ್ಥಿಪಂಜರ ಯಾವ ಹಬ್ಬದ್ದು? ಪಟ್ಟಣವು ಮೊಕದ್ದಮೆ ಹಾಕಿತು. ೨೦೨೫ರಲ್ಲಿ ನಿವಾಸಿಯೇ ಸಂಯುಕ್ತ ನ್ಯಾಯಾಲಯದಲ್ಲಿ ಪ್ರತಿದಾವೆ ಹೂಡಿದ ಮೇಲೆ ಪಟ್ಟಣವು ಆ ನಿಬಂಧನೆಯನ್ನೇ ಹಿಂತೆಗೆದುಕೊಂಡಿತು.

ಗಾಳಿ ತುಂಬಿದ ವಸ್ತುವನ್ನೇ ನೇರವಾಗಿ ಕುರಿತ ಮುಖ್ಯ ತೀರ್ಪುಗಳು ಹಬ್ಬದಿಂದ ಬಂದವಲ್ಲ, ಮುಷ್ಕರದಿಂದ ಬಂದವು. ಸಂಘಕ್ಕೆ ಸೇರದ ಕೂಲಿಗಳನ್ನು ನೇಮಿಸಿಕೊಂಡ ಮಾಲೀಕನ ಕಟ್ಟಡದ ಮುಂದೆ ಗಾಳಿ ತುಂಬಿದ ದೊಡ್ಡ ಹೆಗ್ಗಣವನ್ನು ನಿಲ್ಲಿಸುವುದು ೧೯೯೦ರಿಂದೀಚೆಗೆ ಅಮೆರಿಕೆಯ ಕಾರ್ಮಿಕ ಸಂಘಗಳ ಪದ್ಧತಿ. ನ್ಯೂಜರ್ಸಿಯ ಲಾರೆನ್ಸ್ ಪಟ್ಟಣದಲ್ಲಿ ೨೦೦೫ರಲ್ಲಿ ಹತ್ತು ಅಡಿಯ ಹೆಗ್ಗಣವನ್ನು ನಿಲ್ಲಿಸಿದ್ದಕ್ಕಾಗಿ ಸಂಘದ ಪದಾಧಿಕಾರಿಗೆ ದಂಡ ಬಿದ್ದಿತು. ಅಲ್ಲಿಯ ನಿಬಂಧನೆ ಗಾಳಿ ತುಂಬಿದ ಫಲಕಗಳನ್ನು ನಿಷೇಧಿಸಿ, ಹೊಸ ಅಂಗಡಿಯ ಪ್ರಾರಂಭೋತ್ಸವಕ್ಕೆ ಮಾತ್ರ ಅನುಮತಿ ಕೊಟ್ಟಿದ್ದಿತು. ೨೦೦೯ರಲ್ಲಿ ನ್ಯೂಜರ್ಸಿಯ ಸರ್ವೋಚ್ಚ ನ್ಯಾಯಾಲಯವು ಈ ನಿಬಂಧನೆಯನ್ನು ತಳ್ಳಿಹಾಕಿತು. ಅಂಗಡಿಯವನ ಬೊಂಬೆಗೆ ಎಡೆಯುಂಟು, ಕೂಲಿಕಾರನ ಹೆಗ್ಗಣಕ್ಕೆ ಇಲ್ಲವೆಂಬುದು ಪಕ್ಷಪಾತವೆಂಬುದು ಅದರ ತಾತ್ಪರ್ಯ. ಇದಕ್ಕೆ ಪ್ರತಿಯಾಗಿ ವಿಸ್ಕಾನ್ಸಿನ್ ಪ್ರಾಂತದ ಗ್ರ್ಯಾಂಡ್ ಷೂಟ್ ಎಂಬಲ್ಲಿ ರಸ್ತೆಯ ಸಾರ್ವಜನಿಕ ಪಟ್ಟೆಯ ಮೇಲೆ ಯಾವ ಖಾಸಗಿ ಫಲಕವನ್ನೂ ನಿಲ್ಲಿಸಕೂಡದೆಂಬ ನಿಯಮವಿದ್ದಿತು. ಅಲ್ಲಿಯೂ ಹೆಗ್ಗಣವನ್ನು ತೆಗೆಸಿದರು. ಮೇಲ್ಮನವಿ ನ್ಯಾಯಾಲಯ ೨೦೧೯ರಲ್ಲಿ ಪಟ್ಟಣದ ಕ್ರಮವನ್ನೇ ಸಮರ್ಥಿಸಿತು. ಈ ಎರಡು ತೀರ್ಪುಗಳನ್ನು ಅಕ್ಕಪಕ್ಕದಲ್ಲಿಟ್ಟು ಓದಬೇಕು. ಎಲ್ಲರಿಗೂ ಒಂದೇ ಅಳತೆಗೋಲಾದರೆ ನಿಯಮ ನಿಲ್ಲುತ್ತದೆ; ಬೊಂಬೆಯ ಮುಖ ನೋಡಿ ಮಣೆ ಹಾಕಿದರೆ ಬೀಳುತ್ತದೆ. ಸಾಂಟಾ ಕ್ಲಾಸನ ಹಣೆಯ ಬರಹವನ್ನು ಹೆಗ್ಗಣವು ಬರೆದಿತೆಂದು ತರಗತಿಯಲ್ಲಿ ಹೇಳಿದರೆ ವಿದ್ಯಾರ್ಥಿಗಳು ನಗುತ್ತಾರೆ, ಆದರೆ ಮಾತು ನಿಜ.

ಇಲ್ಲಿ ಒಂದು ಗೊಂದಲವನ್ನು ನಿವಾರಿಸುವುದು ಅವಶ್ಯ. ಕ್ರಿಸ್ತಜನನದ ಗೊಂಬೆಗಳನ್ನು ಕುರಿತ ಪ್ರಸಿದ್ಧ ಮೊಕದ್ದಮೆಗಳನ್ನು (ರೋಡ್ ಐಲೆಂಡಿನ ಪಾಟಕೆಟ್ ನಗರದ್ದು ೧೯೮೪, ಪಿಟ್ಸ್‌ಬರ್ಗಿನದು ೧೯೮೯) ಕೆಲವರು ಈ ಪ್ರಸಂಗಕ್ಕೆ ಎಳೆತರುವುದುಂಟು. ಅವು ಸರ್ಕಾರವು ತಾನೇ ಏರ್ಪಡಿಸಿದ ಅಥವಾ ಸರ್ಕಾರಿ ಸ್ಥಳದಲ್ಲಿ ಇರಿಸಿದ ಪ್ರದರ್ಶನಗಳಿಗೆ ಸಂಬಂಧಪಟ್ಟವು. ಖಾಸಗಿ ಅಂಗಳದ ಪ್ರಶ್ನೆಯೇ ಬೇರೆ.

ಹೀಗೆ ಅರ್ಥವನ್ನು ನೋಡಬಾರದೆಂದಾದ ಮೇಲೆ ಪೌರಸಭೆಗೆ ಉಳಿದುದು ಅಳತೆ. ಗಾಳಿಬೊಂಬೆಗೆ ವಾಸ್ತವವಾಗಿ ಅನ್ವಯಿಸುವ ನಿಯಮಗಳನ್ನು ನೋಡಿದರೆ ಎಲ್ಲವೂ ಈ ಬಗೆಯವೇ. ಮೂಲೆಯ ನಿವೇಶನದಲ್ಲಿ ಎರಡು ರಸ್ತೆಗಳು ಕೂಡುವೆಡೆ ವಾಹನ ಚಾಲಕರ ದೃಷ್ಟಿಗೆ ಅಡ್ಡಿಯಾಗದಂತೆ ತ್ರಿಕೋನಾಕಾರದ ಜಾಗವನ್ನು ತೆರವಾಗಿಡಬೇಕು. ಅದರೊಳಗೆ ಸಾಮಾನ್ಯವಾಗಿ ಮೂರಡಿಗಿಂತ ಎತ್ತರವಾದ ಬೇಲಿಯಾಗಲಿ ಪೊದೆಯಾಗಲಿ ಬೊಂಬೆಯಾಗಲಿ ಇರಕೂಡದು. ಕಾಲುದಾರಿಗೂ ರಸ್ತೆಗೂ ನಡುವಣ ಹುಲ್ಲಿನ ಪಟ್ಟೆಯನ್ನು ಮನೆಯವನೇ ಕತ್ತರಿಸಿ ನೀರುಣಿಸಿದರೂ ಅದು ಸಾರ್ವಜನಿಕ ಮಾರ್ಗಕ್ಕೆ ಸೇರಿದ್ದು. ಗೂಟವನ್ನು ಅಲ್ಲಿ ಹೊಡೆಯಕೂಡದು. ಪಂಖದ ಸದ್ದಿಗೆ ಸದ್ದಿನ ನಿಯಮ, ದೀಪದ ಪ್ರಭೆಗೆ ಬೆಳಕಿನ ನಿಯಮ. ಇನ್ನು ದಿನಗಳ ಲೆಕ್ಕ. ಬಹು ಪ್ರಾಂತಗಳು ಸ್ವೀಕರಿಸಿರುವ ರಾಷ್ಟ್ರೀಯ ವಿದ್ಯುತ್ ಸಂಹಿತೆಯು ಹಬ್ಬದ ದೀಪಾಲಂಕಾರದಂತಹ ತಾತ್ಕಾಲಿಕ ವಿದ್ಯುತ್ ಜೋಡಣೆಗೆ ೯೦ ದಿನಗಳ ಮಿತಿಯನ್ನು ಹಾಕಿದೆ. ಬೆಂಕಿಯ ಭಯದಿಂದ ಹುಟ್ಟಿದ ಈ ತೊಂಬತ್ತು ದಿನಕ್ಕೆ ಹಬ್ಬ ಯಾವುದೆಂಬ ಚಿಂತೆಯಿಲ್ಲ. ವಾಣಿಜ್ಯ ವಲಯದಲ್ಲಿ ನಿಯಮಗಳು ಇನ್ನೂ ಬಿಗಿ. ಹ್ಯೂಸ್ಟನ್ ನಗರವು ೨೦೦೮ರಲ್ಲಿ, ದಾರಿಹೋಕರ ಗಮನ ಸೆಳೆಯಲೆಂದು ಅಂಗಡಿಗಳವರು ನಿಲ್ಲಿಸುವ ಗಾಳಿಬೊಂಬೆ ಮುಂತಾದವನ್ನು ನಿಷೇಧಿಸಿತು. ನಿಷೇಧ ೨೦೧೦ರಿಂದ ಜಾರಿಗೆ ಬಂದಿತು.

ಅಳತೆಯ ನಿಯಮಗಳ ಜೊತೆಗೆ ಹಳೆಯ ಉಪದ್ರವದ ಕಾನೂನೂ ಇದ್ದೇ ಇದೆ. ಆರ್ಕನ್ಸಾ ಪ್ರಾಂತದ ಲಿಟ್ಲ್ ರಾಕ್ ನಗರದಲ್ಲಿ ಒಬ್ಬ ಧನಿಕ ಉದ್ಯಮಿಯು ೧೯೮೬ರಲ್ಲಿ ಮಗಳ ಆಸೆಯಂತೆ ಮನೆಗೆ ಸಾವಿರ ದೀಪಗಳನ್ನು ಹಾಕಿಸಿದನು. ವರ್ಷವರ್ಷವೂ ಬೆಳೆದು ಅದು ಲಕ್ಷಗಟ್ಟಲೆಯಾಯಿತು. ನೋಡಬಂದವರ ವಾಹನಗಳಿಂದ ಬೀದಿ ಕಟ್ಟಿಹೋಗಿ ನೆರೆಯವರು ತಮ್ಮ ಮನೆ ಸೇರುವುದೂ ಕಷ್ಟವಾಯಿತು. ೧೯೯೪ರಲ್ಲಿ ಪ್ರಾಂತದ ಸರ್ವೋಚ್ಚ ನ್ಯಾಯಾಲಯವು ನೆರೆಯವರ ಪಕ್ಷವನ್ನು ಎತ್ತಿಹಿಡಿಯಿತು. ಮರುವರ್ಷವೇ ಫ್ಲಾರಿಡಾದ ಡಿಸ್ನಿ ವಿಹಾರಸ್ಥಾನದವರು ಆ ದೀಪಗಳನ್ನು ಕೊಂಡೊಯ್ದು, ೨೦೧೬ರ ಜನವರಿಯವರೆಗೆ ಪ್ರದರ್ಶಿಸಿದರು. ಒಂದು ಬೀದಿಗೆ ಉಪದ್ರವವಾದದ್ದು ತಕ್ಕ ಸ್ಥಳದಲ್ಲಿ ಜನರನ್ನು ಸೆಳೆಯುವ ಪ್ರದರ್ಶನವಾಯಿತು. ನ್ಯಾಯಮೂರ್ತಿ ಸದರ್‌ಲೆಂಡ್‌ರವರ ಹಂದಿಗೆ ಇದಕ್ಕಿಂತ ಉತ್ತಮವಾದ ವ್ಯಾಖ್ಯಾನವಿಲ್ಲ.

ಇಷ್ಟರವರೆಗೆ ಹೇಳಿದ್ದು ಸರ್ಕಾರದ ದಾರಿ. ಎರಡನೆಯ ದಾರಿ ಕ್ರಯಪತ್ರದ್ದು. ಹೊಸ ಬಡಾವಣೆಯನ್ನು ನಿರ್ಮಿಸುವ ಉದ್ಯಮಿಯು ನಿವೇಶನಗಳನ್ನು ಮಾರುವ ಮುನ್ನ ಒಂದು ಷರತ್ತುಪತ್ರವನ್ನು ಕೌಂಟಿಯ ನೋಂದಣಿ ಕಚೇರಿಯಲ್ಲಿ ದಾಖಲು ಮಾಡಿಸುತ್ತಾನೆ. ಮನೆ ಕೊಂಡವರೆಲ್ಲರೂ ಅದಕ್ಕೆ ಬದ್ಧರು. ಅವರಿಂದ ಕೊಂಡವರೂ ಬದ್ಧರು. ಅದನ್ನು ಜಾರಿಗೊಳಿಸುವುದು ಮನೆಮಾಲೀಕರ ಸಂಘ. ೧೯೭೦ರಲ್ಲಿ ದೇಶದಾದ್ಯಂತ ಸುಮಾರು ೧೦,೦೦೦ ಇದ್ದ ಇಂತಹ ಸಂಘಗಳು ಈಗ ಮೂರೂವರೆ ಲಕ್ಷವನ್ನು ಮೀರಿವೆ. ಅವುಗಳ ಆಡಳಿತದಲ್ಲಿ ಏಳು ಕೋಟಿಗೂ ಮೇಲ್ಪಟ್ಟು ಜನ ವಾಸಿಸುತ್ತಿದ್ದಾರೆ. ಪ್ರಥಮ ತಿದ್ದುಪಡಿ ಸರ್ಕಾರವನ್ನು ಕಟ್ಟಿಹಾಕುತ್ತದೆಯೇ ಹೊರತು ಖಾಸಗಿ ಕರಾರನ್ನಲ್ಲ ಎಂಬುದು ಸಾಮಾನ್ಯ ನ್ಯಾಯ. ಆದುದರಿಂದ ಲಾಡ್ಯೂ ನಗರಸಭೆ ಮಾಡಲಾರದ್ದನ್ನು ಪಕ್ಕದ ಬಡಾವಣೆಯ ಸಂಘ ಮಾಡಬಲ್ಲದು. ಗಾಳಿಬೊಂಬೆ ಬೇಡವೇ ಬೇಡ ಎನ್ನಬಹುದು. ಬಿಳಿಯ ದೀಪ ಮಾತ್ರ ಇರಲಿ, ಬೊಂಬೆ ಇಷ್ಟಡಿಯೊಳಗಿರಲಿ ಎನ್ನಬಹುದು. ಅಭಿರುಚಿಗೆ ಒಪ್ಪುವಂತಿರಬೇಕು ಎಂಬ ಅಳತೆಯಿಲ್ಲದ ಮಾತನ್ನೂ ಬರೆದಿಡಬಹುದು. ಪೌರಸಭೆಯ ಬಾಗಿಲಿನಿಂದ ಹೊರಗೆ ಹೋದ ಅಭಿರುಚಿ ಸಂಘದ ಬಾಗಿಲಿನಿಂದ ಒಳಗೆ ಬಂದಿತು.

ಷರತ್ತುಪತ್ರಗಳ ಪೂರ್ವೇತಿಹಾಸವನ್ನು ಬಲ್ಲವರು ಇದನ್ನು ಹಗುರವಾಗಿ ಕಾಣಲಾರರು. ಈ ಶತಮಾನದ ಸಂಘಗಳು ಬಳಸುವ ಉಪಕರಣವೇ ಹಿಂದಿನ ಶತಮಾನದ ಪೂರ್ವಾರ್ಧದಲ್ಲಿ ಕರಿಯ ಜನರನ್ನು ಬಡಾವಣೆಗಳಿಂದ ದೂರವಿಡಲು ಬಳಕೆಯಾಗಿದ್ದಿತು. ಲೆವಿಟ್‌ಟೌನ್‌ನ ಬೇಲಿ ಕೂಡದೆಂಬ ಕರಾರಿನ ಜೊತೆಯಲ್ಲಿಯೇ ಬಿಳಿಯರಲ್ಲದವರು ವಾಸಮಾಡಕೂಡದೆಂಬ ಕರಾರೂ ಇದ್ದಿತು. ಇಂತಹ ವರ್ಣಭೇದದ ಷರತ್ತನ್ನು ನ್ಯಾಯಾಲಯಗಳು ಜಾರಿಗೊಳಿಸಕೂಡದೆಂದು ಸರ್ವೋಚ್ಚ ನ್ಯಾಯಾಲಯ ೧೯೪೮ರಲ್ಲಿ ತೀರ್ಮಾನಿಸಿತು. ಆ ಮೊಕದ್ದಮೆಯೂ ಸೇಂಟ್ ಲೂಯಿಸ್ ನಗರದ್ದೇ. ೧೯೬೮ರ ನ್ಯಾಯವಸತಿ ಕಾಯಿದೆಯು ಜನಾಂಗ, ವರ್ಣ, ಮತ, ಮೂಲದೇಶಗಳ ಆಧಾರದ ಮೇಲೆ ವಸತಿಯಲ್ಲಿ ತಾರತಮ್ಯವನ್ನು ನಿಷೇಧಿಸಿತು. ಪ್ರಥಮ ತಿದ್ದುಪಡಿ ತಾಗದ ಸಂಘಗಳಿಗೂ ಈ ಕಾಯಿದೆ ತಾಗುತ್ತದೆ. ಐಡಾಹೊ ಪ್ರಾಂತದ ಹೇಡನ್ ಬಳಿ ಎರಡು ಲಕ್ಷ ದೀಪಗಳ ಕ್ರಿಸ್‌ಮಸ್ ಪ್ರದರ್ಶನವನ್ನು ಏರ್ಪಡಿಸಹೊರಟ ಕುಟುಂಬಕ್ಕೂ ಸಂಘಕ್ಕೂ ೨೦೧೫ರಲ್ಲಿ ಹುಟ್ಟಿದ ವ್ಯಾಜ್ಯ ಈ ಕಾಯಿದೆಯ ಮೇಲೆಯೇ ನಡೆಯಿತು. ೨೦೧೮ರಲ್ಲಿ ಜ್ಯೂರಿಯವರು ಕುಟುಂಬಕ್ಕೆ ೭೫,೦೦೦ ಡಾಲರ್ ಪರಿಹಾರ ಕೊಡಿಸಿದರು. ೨೦೧೯ರಲ್ಲಿ ನ್ಯಾಯಾಧೀಶರು ಅದನ್ನು ತಳ್ಳಿಹಾಕಿದರು. ೨೦೨೪ರಲ್ಲಿ ಮೇಲ್ಮನವಿ ನ್ಯಾಯಾಲಯವು ಆ ನಿರ್ಣಯವನ್ನು ಭಾಗಶಃ ರದ್ದುಮಾಡಿ ಹೊಸ ವಿಚಾರಣೆಗೆ ದಾರಿ ತೆರೆಯಿತು.

ಪ್ರಾಂತಗಳ ಶಾಸನಸಭೆಗಳೂ ಅಲ್ಲಲ್ಲಿ ಸಂಘಗಳ ಕೈ ಹಿಡಿದಿವೆ. ಮನೆಯ ಮೇಲೆ ರಾಷ್ಟ್ರಧ್ವಜ ಹಾರಿಸುವುದನ್ನು ಸಂಘ ತಡೆಯಕೂಡದೆಂದು ೨೦೦೬ರಲ್ಲಿ ಸಂಯುಕ್ತ ಸರ್ಕಾರವೇ ಕಾಯಿದೆ ಮಾಡಿತು. ಟೆಕ್ಸಾಸ್ ಪ್ರಾಂತದ ೨೦೨೧ರ ಕಾಯಿದೆಯಂತೆ, ಪ್ರಾಮಾಣಿಕವಾದ ಮತಶ್ರದ್ಧೆಯಿಂದ ಸ್ವಂತ ನಿವೇಶನದಲ್ಲಿ ಇರಿಸಿದ ಧಾರ್ಮಿಕ ವಸ್ತುವನ್ನು ಸಂಘ ನಿಷೇಧಿಸಲಾಗದು. ರಸ್ತೆಯ ತೆರಪನ್ನು ಅತಿಕ್ರಮಿಸಿದ್ದರೆ ಆ ರಕ್ಷಣೆಯಿಲ್ಲ. ಫ್ಲಾರಿಡಾದಲ್ಲಿ ೨೦೨೪ರ ಜುಲೈಯಿಂದ, ಗೊತ್ತಾದ ಅವಧಿ ಮೀರಿ ಹಬ್ಬದ ಅಲಂಕಾರ ಉಳಿದಿದ್ದರೂ ಸಂಘವು ಮೊದಲು ಬರಹದ ಮೂಲಕ ತಿಳಿಸಿ ಒಂದು ವಾರ ಕಾಯದೆ ದಂಡ ಹಾಕುವಂತಿಲ್ಲ. ನಾನು ನೋಡಿದ ಮಟ್ಟಿಗೆ, ಹಬ್ಬದ ಅಲಂಕಾರವನ್ನು ಹೆಸರಿಸಿ ಸಂಘಗಳ ದಂಡಾಧಿಕಾರವನ್ನು ಮೊಟಕುಮಾಡಿದ ಶಾಸನ ಇದೊಂದೇ.

ಅಲ್ಲಿ ನೆಲಸಿರುವ ಕನ್ನಡಿಗರಿಗೂ ಈ ವಿಷಯ ದೂರದ್ದಲ್ಲ. ನಮ್ಮ ಓದುಗರಲ್ಲಿ ಹಲವರ ಅಣ್ಣತಮ್ಮಂದಿರೋ ಅಕ್ಕತಂಗಿಯರೋ ಇಂತಹ ಸಂಘದ ಆಡಳಿತದಲ್ಲಿಯೇ ಮನೆ ಮಾಡಿರುವರು. ಪೆನ್ಸಿಲ್ವೇನಿಯಾ ೨೦೨೪ರಲ್ಲಿಯೂ ಕ್ಯಾಲಿಫೋರ್ನಿಯಾ ೨೦೨೫ರಲ್ಲಿಯೂ ದೀಪಾವಳಿಯನ್ನು ಪ್ರಾಂತದ ಹಬ್ಬವೆಂದು ಕಾಯಿದೆಯ ಮೂಲಕ ಮನ್ನಿಸಿದವು. ಸಂಘಗಳ ನಿಯಮಾವಳಿಗಳಲ್ಲಾದರೋ ದೀಪಾಲಂಕಾರಕ್ಕೆ ಥ್ಯಾಂಕ್ಸ್‌ಗಿವಿಂಗ್‌ನಿಂದ ಜನವರಿ ಮಧ್ಯದವರೆಗೆ ಎಂಬಂತಹ ಅವಧಿಯನ್ನು ಗೊತ್ತುಮಾಡಿರುವುದುಂಟು. ಬರೆದವರ ಮನಸ್ಸಿನಲ್ಲಿದ್ದುದು ಕ್ರಿಸ್‌ಮಸ್ ಒಂದೇ. ಬೇರೆಯವರನ್ನು ಹೊರಗಿಡುವ ಉದ್ದೇಶ ಇದ್ದಿರಲಾರದು. ಆದರೆ ಲೆಕ್ಕ ಹಾಕಿ ನೋಡಿ. ಥ್ಯಾಂಕ್ಸ್‌ಗಿವಿಂಗ್ ನವೆಂಬರಿನ ನಾಲ್ಕನೆಯ ಗುರುವಾರ. ಅದು ೨೨ನೆಯ ತಾರೀಖಿಗೆ ಮುಂಚೆ ಬರುವುದು ಸಾಧ್ಯವಿಲ್ಲ. ಆಶ್ವಯುಜ ಬಹುಳ ಅಮಾವಾಸ್ಯೆ ಈ ಕಾಲದಲ್ಲಿ ನವೆಂಬರ್ ಮಧ್ಯವನ್ನು ದಾಟುವುದಿಲ್ಲ. ೨೦೨೩ರಲ್ಲಿ ದೀಪಾವಳಿ ನವೆಂಬರ್ ೧೨ಕ್ಕೂ ಥ್ಯಾಂಕ್ಸ್‌ಗಿವಿಂಗ್ ೨೩ಕ್ಕೂ ಬಂದವು. ಇಂತಹ ನಿಯಮವಿರುವೆಡೆ ದೀಪಾವಳಿಯ ದೀಪಮಾಲೆ ಯಾವ ವರ್ಷವೂ ಅವಧಿಯೊಳಗೆ ಬೀಳುವಂತಿಲ್ಲ. ಕಾರ್ತಿಕದ ಕೊನೆಯ ಕೆಲವು ದೀಪಗಳು ಒಮ್ಮೊಮ್ಮೆ ಬಿದ್ದಾವು. ಯಾರನ್ನೂ ಹೆಸರಿಸದ, ಬರಿಯ ತಾರೀಖಿನ ನಿಯಮವೂ ಹೀಗೆ ಪಕ್ಷಪಾತಿಯಾಗಬಲ್ಲದು. ಪೌರಸಭೆಯೊಂದು ಇದೇ ಅವಧಿಯನ್ನು ವಿಧಿಸಿದ್ದರೆ ಗಿಲ್ಬರ್ಟ್ ತೀರ್ಪಿನ ಬಲದಿಂದ ಪ್ರಶ್ನಿಸಬಹುದಾಗಿತ್ತು. ಸಂಘ ವಿಧಿಸಿದರೆ ನ್ಯಾಯವಸತಿ ಕಾಯಿದೆಯ ಕೆಳಗೆ, ಹೇಡನ್ ಕುಟುಂಬದಂತೆ ವರ್ಷಗಟ್ಟಲೆ ಹೋರಾಡಬೇಕು. ಇಲ್ಲವೆ ನಿಯಮವನ್ನೇ ತಿದ್ದಿಸಬೇಕು.

ತಿದ್ದಿಸುವ ಬಗೆಯನ್ನು ಹೇಳಿ ಲೇಖನವನ್ನು ಮುಗಿಸುತ್ತೇನೆ. ಅವಧಿಯ ನಿಯಮ ಎಲ್ಲಿ ಬರೆದಿದೆಯೆಂಬುದನ್ನು ಮೊದಲು ನೋಡಬೇಕು. ಸಂಘದ ಆಡಳಿತ ಮಂಡಲಿಯು ತಾನೇ ಹೊರಡಿಸಿದ ನಿಯಮಾವಳಿಯಲ್ಲಿದ್ದರೆ ಮಂಡಲಿಯ ಸಾಧಾರಣ ಸಭೆಯಲ್ಲಿಯೇ ಬಹುಮತದಿಂದ ಬದಲಾಯಿಸಬಹುದು. ಸಭೆಗೆ ಹೋಗಿ ದೀಪಾವಳಿಯ ತಾರೀಖನ್ನು ವಿವರಿಸಿದರೆ ಸಾಕಾಗಬಹುದು. ಕೌಂಟಿಯಲ್ಲಿ ದಾಖಲಾದ ಮೂಲ ಷರತ್ತುಪತ್ರದಲ್ಲಿದ್ದರೆ ಸಾಮಾನ್ಯವಾಗಿ ಮಾಲೀಕರಲ್ಲಿ ಮೂರರಲ್ಲಿ ಎರಡು ಪಾಲು, ಕೆಲವೆಡೆ ಅದಕ್ಕೂ ಹೆಚ್ಚಿನ ಮತ ಬೇಕು. ಈ ಷರತ್ತುಪತ್ರ ನೋಂದಣಿ ಕಚೇರಿಯಲ್ಲಿ ಯಾರು ಬೇಕಾದರೂ ನೋಡಬಹುದಾದ ದಾಖಲೆ. ಮನೆ ಕೊಳ್ಳುವ ದಿನ ರುಜು ಹಾಕಬೇಕಾದ ಕಾಗದಗಳ ಕಟ್ಟಿನಲ್ಲಿ ಅದರ ಪ್ರತಿಯೂ ಇರುತ್ತದೆ. ಬಹುಮಂದಿ ಅದನ್ನು ಮೊದಲ ಬಾರಿ ಬಿಚ್ಚಿ ಓದುವುದು ಸಂಘದಿಂದ ದೂರಿನ ಪತ್ರ ಬಂದ ದಿನ.